ನೆಲದ ಶಕ್ತಿಯೋ, ದೇವರ ವರವೋ? ‘ಲೇ ರೇಖೆ’ಗಳ ನಂಬಿಕೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಕೆಲವು ಸ್ಥಳಗಳಿಗೆ ತಮ್ಮದೇ ಆದ ಬಲವುಂಟೆಂಬ ಭಾವನೆ ಬಹು ಪುರಾತನವಾದುದು. ‘ಸ್ಥಾನಬಲ’ ಎಂಬ ಮಾತು ನಮ್ಮ ಭಾಷೆಯಲ್ಲೇ ಇದೆ. ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಭಾವನೆ ಒಂದು ವಿಚಿತ್ರ ರೂಪವನ್ನು ತಾಳಿತು. ಪ್ರಾಚೀನ ದಿಬ್ಬಗಳು, ನಿಲುಗಲ್ಲುಗಳು, ಬೆಟ್ಟದ ತುದಿಗಳು ಮತ್ತು ಹಳೆಯ ದೇವಾಲಯಗಳು ನೇರ ಗೆರೆಗಳ ಮೇಲೆ ನಿಂತಿವೆ. ಆ ಗೆರೆಗಳಲ್ಲಿ ಭೂಮಿಯ ಅಗೋಚರ ಶಕ್ತಿ ಹರಿಯುತ್ತದೆ. ನಮ್ಮ ಪೂರ್ವಿಕರು ಅದನ್ನು ಅರಿತೇ ತಮ್ಮ ಪೂಜಾಸ್ಥಾನಗಳನ್ನು ಕಟ್ಟಿದರು ಎಂಬುದು ಆ ನಂಬಿಕೆಯ ಸಾರ. ಈ ಗೆರೆಗಳಿಗೆ ‘ಲೇ ರೇಖೆ’ಗಳೆಂದು ಹೆಸರು.

ಈ ನಂಬಿಕೆಯನ್ನು ರೂಪಿಸಿದ ಗ್ರಂಥಗಳು ಮುಖ್ಯವಾಗಿ ಎರಡು: ಆಲ್ಫ್ರೆಡ್ ವಾಟ್ಕಿನ್ಸ್ ಅವರ ‘ದಿ ಓಲ್ಡ್ ಸ್ಟ್ರೇಟ್ ಟ್ರ್ಯಾಕ್’ (1925) ಹಾಗೂ ಜಾನ್ ಮಿಚೆಲ್ ಅವರ ‘ದಿ ವ್ಯೂ ಓವರ್ ಅಟ್ಲಾಂಟಿಸ್’ (1969). ದೈವಶಾಸ್ತ್ರದ ಪತ್ರಿಕೆಯೊಂದು ಇವುಗಳನ್ನು ವಿಮರ್ಶೆಗೆ ಎತ್ತಿಕೊಳ್ಳಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಈ ವಾದದ ಸಾಕ್ಷ್ಯದಲ್ಲಿ ದೊಡ್ಡ ಪಾಲು ಕ್ರೈಸ್ತ ದೇವಾಲಯಗಳದೇ. ಎರಡನೆಯದಾಗಿ, ನೆಲದೊಳಗಿನ ಶಕ್ತಿಯನ್ನು ಕಡ್ಡಿ ಹಾಗೂ ಲೋಲಕಗಳಿಂದ ಪತ್ತೆಹಚ್ಚುವ ವಿದ್ಯೆಯನ್ನು ಆಧುನಿಕ ಯೂರೋಪಿನಲ್ಲಿ ಬೆಳೆಸಿದವರಲ್ಲಿ ನಮ್ಮ ಯಾಜಕರೂ ಇದ್ದರು. ಮೂರನೆಯದಾಗಿ, ಆ ಶಬ್ದಭಂಡಾರ ಈಗ ನಮ್ಮ ಪ್ರಬೋಧನೆಗಳೊಳಕ್ಕೂ ಕಾಲಿಟ್ಟಿದೆ. ಪುಣ್ಯಕ್ಷೇತ್ರದ ಹಬ್ಬದಲ್ಲಿ ‘ಇಲ್ಲಿನ ನೆಲದಲ್ಲೇ ಪಾಸಿಟಿವ್ ಎನರ್ಜಿ ಇದೆ’ ಎಂದು ಬೋಧಕರು ಹೇಳುವುದನ್ನು ಕೇಳದವರು ವಿರಳ. ಈ ಮಾತು ನಿರುಪದ್ರವಿಯೋ, ಅಥವಾ ವರಪ್ರಸಾದದ ಸಿದ್ಧಾಂತವನ್ನೇ ಸದ್ದಿಲ್ಲದೆ ಪಲ್ಲಟಗೊಳಿಸುವಂಥದೋ ಎಂಬುದೇ ಈ ಲೇಖನದ ಪ್ರಶ್ನೆ.

ವಾಟ್ಕಿನ್ಸ್ ಕಂಡದ್ದೇನು?

ವಾಟ್ಕಿನ್ಸ್ (1855–1935) ಹೆರೆಫರ್ಡ್ ಪಟ್ಟಣದ ವ್ಯಾಪಾರಿ. ಛಾಯಾಗ್ರಹಣದಲ್ಲಿ ಬೆಳಕಿನ ಪ್ರಮಾಣವನ್ನು ಅಳೆಯುವ ಉಪಕರಣವನ್ನು ರೂಪಿಸಿ ಹೆಸರಾದವರು. ತಮ್ಮ ಜಿಲ್ಲೆಯ ಪ್ರತಿ ಹಾದಿಯನ್ನೂ ಬಲ್ಲವರು. 1921ರ ಜೂನ್ 30ರಂದು ಬ್ಲ್ಯಾಕ್‌ವರ್ಡೀನ್ ಎಂಬಲ್ಲಿ ನಕ್ಷೆಯನ್ನು ನೋಡುತ್ತಿದ್ದಾಗ, ಪ್ರಾಚೀನ ಕುರುಹುಗಳು ಸಾಲಾಗಿ ನಿಂತಿವೆ ಎಂಬ ಹೊಳಹು ಅವರಿಗೆ ಸಿಕ್ಕಿತು. ಮರುವರ್ಷ ಒಂದು ಕಿರುಗ್ರಂಥವನ್ನೂ 1925ರಲ್ಲಿ ಮೇಲೆ ಹೇಳಿದ ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು.

ಗಮನಿಸಬೇಕಾದ ಅಂಶವೊಂದಿದೆ: ವಾಟ್ಕಿನ್ಸ್ ಅವರ ಗ್ರಂಥದಲ್ಲಿ ಶಕ್ತಿಯ ಮಾತೇ ಇಲ್ಲ. ಅವರ ಪ್ರಕಾರ ಈ ಗೆರೆಗಳು ಇತಿಹಾಸಪೂರ್ವ ಕಾಲದ ಹಾದಿಗಳು. ಉಪ್ಪು, ಮಡಕೆ, ಕಲ್ಲಿನ ಆಯುಧಗಳನ್ನು ಹೊತ್ತ ವ್ಯಾಪಾರಿಗಳು ಒಂದು ಬೆಟ್ಟದ ತುದಿಯಿಂದ ಮತ್ತೊಂದಕ್ಕೆ ದೃಷ್ಟಿ ನೆಟ್ಟು ನಡೆದರು. ನಡುವೆ ಗುರುತಿಗಾಗಿ ದಿಬ್ಬಗಳನ್ನೂ ಕಲ್ಲುಗಳನ್ನೂ ಇಟ್ಟರು. ಆ ಗುರುತುಗಳು ಕಾಲಾಂತರದಲ್ಲಿ ಪೂಜ್ಯವಾದವು. ಕ್ರೈಸ್ತರು ಬಂದ ಮೇಲೆ ಅಲ್ಲೇ ದೇವಾಲಯಗಳು ಎದ್ದವು. ‘ಲೇ’ ಎಂಬ ಹೆಸರನ್ನು ಅವರು ಊರುಗಳ ಹೆಸರಿನ ಕೊನೆಯಲ್ಲಿ ಬರುವ ಪದದಿಂದ ತೆಗೆದುಕೊಂಡರು. ಭಾಷಾಶಾಸ್ತ್ರಜ್ಞರ ಪ್ರಕಾರ ಆ ಪದಕ್ಕೆ ಕಾಡು ಕಡಿದು ಮಾಡಿದ ಬಯಲು ಎಂದು ಅರ್ಥ.

ಅವರ ವಾದ ನಿಲ್ಲಲಿಲ್ಲ. ಪುರಾತತ್ತ್ವಜ್ಞ ಓ. ಜಿ. ಎಸ್. ಕ್ರಾಫರ್ಡ್ ತಮ್ಮ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಆ ಗ್ರಂಥದ ಜಾಹೀರಾತನ್ನೂ ಪ್ರಕಟಿಸಲು ಒಪ್ಪಲಿಲ್ಲ. ಆಕ್ಷೇಪಗಳು ಸರಳ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ದಿಬ್ಬ, ಮಧ್ಯಯುಗದ ಕೋಟೆಕಂದಕ, ಹದಿಮೂರನೆಯ ಶತಮಾನದ ದೇವಾಲಯ, ಇತ್ತೀಚಿನ ಮರಗಳ ಗುಂಪು — ಇವೆಲ್ಲವನ್ನೂ ಒಂದೇ ಯೋಜನೆಯ ಗುರುತುಗಳೆಂದು ಹೇಗೆ ಒಪ್ಪುವುದು? ಹೊರೆ ಹೊತ್ತವನು ಕಡಿದಾದ ಏರನ್ನೂ ಜೌಗನ್ನೂ ಬಳಸಿಕೊಂಡು ಹೋಗುತ್ತಾನೆಯೇ ಹೊರತು ಅಳತೆಗೋಲು ಹಿಡಿದವನಂತೆ ನೇರಕ್ಕೆ ನಡೆಯುವುದಿಲ್ಲ.

ಇನ್ನೊಂದು ಆಕ್ಷೇಪ ಗಣಿತದ್ದು. 30 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಪ್ರದೇಶದಲ್ಲಿ 60 ಗುರುತುಗಳು ಹೇಗೆಂದರೆ ಹಾಗೆ ಚೆಲ್ಲಿಕೊಂಡಿವೆ ಎಂದುಕೊಳ್ಳೋಣ. ಅವುಗಳಿಂದ 1,770 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಒಂದು ಗೆರೆ. ನಕ್ಷೆಯ ಮೇಲಿನ ಪೆನ್ಸಿಲ್ ಗೆರೆ ನೆಲದ ಮೇಲೆ 50 ಮೀಟರ್ ಅಗಲದ ಪಟ್ಟಿಯಾಗುತ್ತದೆ ಎಂದಿಟ್ಟುಕೊಂಡರೆ, ಅದು ಇಡೀ ಪ್ರದೇಶದ ಸುಮಾರು 600ನೆಯ ಒಂದು ಭಾಗವನ್ನು ಆವರಿಸುತ್ತದೆ. ಸ್ಥೂಲ ಲೆಕ್ಕದಲ್ಲಿ, ಯಾರೂ ಯಾವ ಯೋಜನೆಯನ್ನೂ ಮಾಡದಿದ್ದರೂ ಮೂರು ಗುರುತುಗಳು ಸಾಲುಗೂಡುವ ಗೆರೆಗಳು 50ಕ್ಕೂ ಹೆಚ್ಚು ಸಿಗುತ್ತವೆ. ನಾಲ್ಕು ಗುರುತುಗಳದು ಒಂದಾದರೂ ಸಿಗಬಹುದು. ಗುರುತುಗಳ ಸಂಖ್ಯೆಯನ್ನು 200ಕ್ಕೆ ಏರಿಸಿದರೆ ನಾಲ್ಕು ಗುರುತುಗಳ ಗೆರೆಗಳೇ ಸುಮಾರು 180 ಆಗುತ್ತವೆ. ದೇವಾಲಯ, ಕಲ್ಲು, ಕೊಳ, ಹೊಳೆಯ ಹಾಯ್ಗಡ, ಬೆಟ್ಟದ ಸಂದು ಎಲ್ಲವೂ ಗುರುತಾಗಬಹುದಾದ ಇಂಗ್ಲೆಂಡಿನ ನೆಲದಲ್ಲಿ ಗೆರೆಗಳು ಸಿಗದಿದ್ದರೇ ಆಶ್ಚರ್ಯ. ಟಾಮ್ ವಿಲಿಯಮ್‌ಸನ್ ಮತ್ತು ಲಿಜ್ ಬೆಲ್ಲಮಿ 1983ರ ತಮ್ಮ ‘ಲೇ ಲೈನ್ಸ್ ಇನ್ ಕ್ವೆಶ್ಚನ್’ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ.

ಆದರೂ ವಾಟ್ಕಿನ್ಸ್ ಅವರದು ಪ್ರಾಮಾಣಿಕ ತಪ್ಪು. ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಮಾತನ್ನು ಅವರು ಆಡಿದರು. ಪರೀಕ್ಷೆಯಲ್ಲಿ ಅದು ಸೋತಿತು. ಅವರ ಉತ್ತರಾಧಿಕಾರಿಗಳ ಬಗ್ಗೆ ಹೀಗೆ ಹೇಳಲಾಗದು.

ಹಾದಿಯು ಶಕ್ತಿಯಾದ ಬಗೆ

ಗೆರೆಗಳಿಗೆ ಶಕ್ತಿಯನ್ನು ತುಂಬಿದವರು ನಂತರದವರು. ಗೂಢವಿದ್ಯೆಯ ಲೇಖಕಿ ಡಿಯನ್ ಫಾರ್ಚೂನ್ ತಮ್ಮ 1936ರ ಕಾದಂಬರಿಯೊಂದರಲ್ಲಿ ಪ್ರಾಚೀನ ಸ್ಥಳಗಳನ್ನು ಜೋಡಿಸುವ ಶಕ್ತಿಯ ಗೆರೆಗಳ ಕಲ್ಪನೆಯನ್ನು ತಂದರು. ಆ ಕಲ್ಪನೆಯನ್ನು ಒಂದು ದರ್ಶನವನ್ನಾಗಿ ಬೆಳೆಸಿದವರು ಜಾನ್ ಮಿಚೆಲ್ (1933–2009). ವಾಟ್ಕಿನ್ಸ್ ಅವರ ಹಾದಿಗಳನ್ನು ಮಿಚೆಲ್ ಚೀನಾದ ಫೆಂಗ್‌ಶುಯಿಯ ‘ಡ್ರ್ಯಾಗನ್ ನಾಡಿ’ಗಳೊಂದಿಗೆ ಸಮೀಕರಿಸಿದರು. ಅದಕ್ಕೆ ಅವರು ಆಧರಿಸಿದ್ದು ಅರ್ನ್ಸ್ಟ್ ಐಟೆಲ್ 1873ರಲ್ಲಿ ಪ್ರಕಟಿಸಿದ ಪುಸ್ತಕವನ್ನು. ಐಟೆಲ್ ಚೀನಾಕ್ಕೆ ಮೊದಲು ಹೋದದ್ದು ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ. ಕನ್ನಡಕ್ಕೆ ಮೋಗ್ಲಿಂಗ್ ಮತ್ತು ಕಿಟ್ಟೆಲ್ ಅವರನ್ನು ಕೊಟ್ಟ ಸಂಸ್ಥೆಯೇ ಅದು. ಅನ್ಯರ ನಂಬಿಕೆಯನ್ನು ಅರಿಯಲೆಂದು ಮಿಷನರಿಯೊಬ್ಬರು ಬರೆದ ಹೊತ್ತಿಗೆ, ನೂರು ವರ್ಷಗಳ ನಂತರ ಯೂರೋಪಿನ ಹೊಸ ನಂಬಿಕೆಯೊಂದಕ್ಕೆ ಆಕರವಾದದ್ದು ಇತಿಹಾಸದ ವಿನೋದ.

ಆದರೆ ಮಿಚೆಲ್ ಅವರ ಸಮೀಕರಣ ಮೂಲಕ್ಕೇ ವಿರುದ್ಧವಾಗಿದೆ. ಫೆಂಗ್‌ಶುಯಿಯಲ್ಲಿ ಶುಭಕರವಾದ ಉಸಿರು ಅಂಕುಡೊಂಕಾಗಿ ಹರಿಯುತ್ತದೆ. ನೇರ ಗೆರೆ ಅಶುಭದ ವಾಹಕ, ಅದನ್ನು ತಡೆಯಲೆಂದೇ ಮರ, ಗೋಡೆ, ತಿರುವುಗಳನ್ನು ಇಡುತ್ತಾರೆ. ಇಂಗ್ಲೆಂಡಿನ ನೇರ ಗೆರೆಗೆ ಚೀನಾದ ಡೊಂಕು ನಾಡಿಯ ಹೆಸರನ್ನಿಡುವುದು ಎರಡೂ ಸಂಪ್ರದಾಯಗಳಿಗೆ ಮಾಡಿದ ಅನ್ಯಾಯ. ಅನ್ಯಧರ್ಮದ ನಂಬಿಕೆಯನ್ನು ಅದರ ಸ್ವಂತ ತರ್ಕದಲ್ಲಿ ಅರಿಯದೆ ನಮಗೆ ಬೇಕಾದ ಚೂರನ್ನು ಮುರಿದುಕೊಳ್ಳುವುದನ್ನು ಸಂವಾದವೆಂದು ಕರೆಯಲಾಗದು.

ಮಿಚೆಲ್ ಅವರ ವಾದದ ಕ್ರೈಸ್ತ ಭಾಗವನ್ನೂ ಹೀಗೆಯೇ ಪರಿಶೀಲಿಸಬೇಕು. ‘ದಿ ವ್ಯೂ ಓವರ್ ಅಟ್ಲಾಂಟಿಸ್’ ಮತ್ತು 1972ರ ‘ಸಿಟಿ ಆಫ್ ರೆವೆಲೇಶನ್’ ಗ್ರಂಥಗಳಲ್ಲಿ ಅವರು ಪ್ರಕಟನಾ ಗ್ರಂಥದ ಹೊಸ ಜೆರುಸಲೇಮಿನ ಅಳತೆಗಳನ್ನು ಅಕ್ಷರಸಂಖ್ಯೆಗಳ ಗಣಿತದಿಂದ ಬಿಡಿಸಿ, ಅವು ವಿಶ್ವದ ಪುರಾತನ ದೇಗುಲವೊಂದರ ನಕ್ಷೆ ಎನ್ನುತ್ತಾರೆ. ಪ್ರಕಟನಾ ಗ್ರಂಥದ 21ನೆಯ ಅಧ್ಯಾಯವನ್ನು ಓದಿದವರಿಗೆ ಇದರ ವಿಪರ್ಯಾಸ ತಟ್ಟನೆ ಹೊಳೆಯುತ್ತದೆ. ದಾರ್ಶನಿಕ ಯೊವಾನ್ನ ಆ ನಗರದಲ್ಲಿ ದೇವಾಲಯವನ್ನೇ ಕಾಣಲಿಲ್ಲ. ಸರ್ವಶಕ್ತರಾದ ದೇವರೂ ಬಲಿಕುರಿಯೂ ಅದರ ದೇವಾಲಯ. ದೇವಾಲಯವಿಲ್ಲದ ನಗರದ ಅಳತೆಗಳಿಂದ ಮಿಚೆಲ್ ದೇವಾಲಯದ ನಕ್ಷೆಯನ್ನು ಬರೆದರು. ಅದರಲ್ಲಿ ಬಲಿಕುರಿಗೆ ಮಾತ್ರ ಸ್ಥಾನವಿಲ್ಲ.

ಎರಡು ಕವಲುಗಳ ಪರೀಕ್ಷೆ

ಇಂಥ ನಂಬಿಕೆಗಳನ್ನು ಪರೀಕ್ಷಿಸಲು ಸಂತ ತೋಮಾಸ್ ಅಕ್ವಿನಾಸರು ಒಂದು ನಿಚ್ಚಳ ಅಳತೆಗೋಲನ್ನು ಕೊಟ್ಟಿದ್ದಾರೆ. ‘ಸುಮ್ಮಾ’ದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 96ನೆಯ ಪ್ರಶ್ನೆಯಲ್ಲಿ ಅವರು ಕೇಳುವುದು ಇಷ್ಟು: ಬಳಸುವ ವಸ್ತುವಿಗೆ ಆ ಪರಿಣಾಮವನ್ನು ಉಂಟುಮಾಡುವ ಸ್ವಾಭಾವಿಕ ಸಾಮರ್ಥ್ಯ ಇದೆಯೇ? ಇದ್ದರೆ ಅದರ ಬಳಕೆ ನಿಷಿದ್ಧವಲ್ಲ. ಇಲ್ಲದಿದ್ದರೆ, ಅದು ಕಾರಣವಾಗಿ ಅಲ್ಲ, ಬರೀ ಸಂಕೇತವಾಗಿ ಕೆಲಸ ಮಾಡಬೇಕು. ಆಗ ಅದು ಮೂಢಾಚಾರ.

ಲೇ ರೇಖೆಯ ಶಕ್ತಿ ಸ್ವಾಭಾವಿಕವೆಂದಾದರೆ ಅದನ್ನು ಅಳೆಯಲು ಸಾಧ್ಯವಾಗಬೇಕು. ‘ದಿ ಲೇ ಹಂಟರ್’ ಪತ್ರಿಕೆಯ ಸಂಪಾದಕ ಪಾಲ್ ಡೆವರೋ 1977ರಲ್ಲಿ ‘ಡ್ರ್ಯಾಗನ್ ಪ್ರಾಜೆಕ್ಟ್’ ಎಂಬ ಯೋಜನೆಯನ್ನು ಪ್ರಾರಂಭಿಸಿ, ರೋಲ್‌ರೈಟ್ ಶಿಲಾವೃತ್ತವೇ ಮೊದಲಾದ ಕಡೆ ಶ್ರವಣಾತೀತ ಧ್ವನಿ, ಕಾಂತತ್ವ ಹಾಗೂ ವಿಕಿರಣಗಳನ್ನು ವರ್ಷಗಟ್ಟಲೆ ಅಳೆಸಿದರು. ಶಕ್ತಿರೇಖೆಗಳಿಗೆ ಆಧಾರವಾಗುವಂಥ ಸ್ಥಿರ ಫಲಿತಾಂಶ ದೊರೆಯಲಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ. ಮುಂದೆ ಶಕ್ತಿರೇಖೆಗಳ ಕಲ್ಪನೆಯನ್ನೇ ಕೈಬಿಟ್ಟು, ಶವಯಾತ್ರೆಯ ಹಾದಿಗಳ ಜಾನಪದದ ಕಡೆಗೆ ತಿರುಗಿದರು. ಇಂಥ ಬೌದ್ಧಿಕ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು.

ಯಂತ್ರಕ್ಕೆ ಸಿಗದ ಶಕ್ತಿ ಮನುಷ್ಯನ ಕೈಗೆ ಸಿಗುತ್ತದೆ ಎನ್ನುವವರು ಕವಲುಕಡ್ಡಿಯ ಮೊರೆಹೋಗುತ್ತಾರೆ. ಇಲ್ಲಿ ನಮ್ಮ ಯಾಜಕರ ಪ್ರಸ್ತಾಪ ಅನಿವಾರ್ಯ. ಲೋಲಕ ಮತ್ತು ಕಡ್ಡಿಯ ವಿದ್ಯೆಗೆ ‘ರೇಡಿಯೆಸ್ತೆಸಿಯಾ’ ಎಂಬ ವೈಜ್ಞಾನಿಕ ಧ್ವನಿಯ ಹೆಸರನ್ನು ಕಟ್ಟಿದವರು ಫ್ರಾನ್ಸಿನ ಗುರು ಅಲೆಕ್ಸಿ ಬೂಲಿ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಸ್ವಿಟ್ಜರ್‌ಲೆಂಡಿನ ಗುರು ಮೆರ್ಮೆ ಪ್ರಮುಖರು. ನೀರನ್ನು ಹುಡುಕುವುದರಿಂದ ಶುರುವಾದದ್ದು ರೋಗನಿರ್ಣಯಕ್ಕೂ ಕಳೆದುಹೋದವರ ಪತ್ತೆಗೂ ಹಬ್ಬಿತು. ಕೊನೆಗೆ 1942ರ ಮಾರ್ಚ್ 26ರಂದು ಪವಿತ್ರ ಪೀಠದ ಹೋಲಿ ಆಫೀಸ್, ವ್ಯಕ್ತಿಗಳ ಸ್ಥಿತಿಗತಿಗಳನ್ನೂ ಘಟನೆಗಳನ್ನೂ ಈ ವಿದ್ಯೆಯಿಂದ ಕಂಡುಹೇಳುವುದನ್ನು ಗುರುಗಳಿಗೂ ಸನ್ಯಾಸಿಗಳಿಗೂ ನಿಷೇಧಿಸಿತು. ಹಾದಿಯ ಇಳಿಜಾರು ಸ್ಪಷ್ಟವಾಗಿದೆ: ನೀರಿನಿಂದ ರೋಗಕ್ಕೆ, ರೋಗದಿಂದ ಭವಿಷ್ಯಕ್ಕೆ.

ನಮ್ಮ ನಾಡಿನಲ್ಲಿ ಕೊಳವೆಬಾವಿ ತೋಡಿಸುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿಯನ್ನೋ ಬೇವಿನ ಕವಲುಕಡ್ಡಿಯನ್ನೋ ಹಿಡಿದು ಹೊಲದಲ್ಲಿ ನಡೆಯುವವರನ್ನು ಕರೆಸುವುದು ರೂಢಿ. ಸಾಲ ಮಾಡಿ ಬಾವಿ ತೋಡಿಸುವ ರೈತನನ್ನು ಇದಕ್ಕಾಗಿ ಗದರಿಸುವುದು ಕ್ರೌರ್ಯವಾದೀತು. ಆದರೆ ಅವನಿಗೆ ಸತ್ಯವನ್ನು ಹೇಳುವುದು ನಮ್ಮ ಕರ್ತವ್ಯ. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಸುಮಾರು 500 ಮಂದಿ ಜಲಶೋಧಕರಲ್ಲಿ ಅತ್ಯುತ್ತಮರೆಂದು 43 ಮಂದಿಯನ್ನು ಆರಿಸಿ, ಕೊಟ್ಟಿಗೆಯೊಂದರ ಕೆಳಗೆ ಸರಿಸಬಹುದಾದ ನೀರಿನ ಕೊಳವೆಯನ್ನು ಪತ್ತೆಹಚ್ಚಲು 843 ಬಾರಿ ಪರೀಕ್ಷಿಸಲಾಯಿತು. ಪ್ರಯೋಗ ನಡೆಸಿದವರು ಕೆಲವರಲ್ಲಿ ಸಾಮರ್ಥ್ಯವಿದೆ ಎಂದರೂ, ಜೀವವಿಜ್ಞಾನಿ ಜೆ. ಟಿ. ಎನ್‌ರೈಟ್ ಅದೇ ಅಂಕಿಗಳನ್ನು ಮರುಪರಿಶೀಲಿಸಿ ಫಲಿತಾಂಶ ಆಕಸ್ಮಿಕಕ್ಕಿಂತ ಮೇಲಲ್ಲವೆಂದು ತೋರಿಸಿದರು. ಭೂಗರ್ಭದ ನೀರನ್ನು ಭೂವಿಜ್ಞಾನದಿಂದ ಹುಡುಕುವುದು ವಿಶ್ವಾಸಕ್ಕೆ ಕುಂದಲ್ಲ. ದೇವರು ಕೊಟ್ಟ ಬುದ್ಧಿಗೆ ಸಲ್ಲಿಸುವ ಗೌರವ.

ಹೀಗೆ ಮೊದಲ ಕವಲು ಮುಚ್ಚಿತು. ಇಷ್ಟಾದ ಮೇಲೂ ‘ಈ ಶಕ್ತಿ ಅಳತೆಗೆ ಸಿಗುವಂಥದಲ್ಲ, ಅದು ಆಧ್ಯಾತ್ಮಿಕ’ ಎನ್ನುವವರು ಅಕ್ವಿನಾಸರ ಎರಡನೆಯ ಕವಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಪ್ರಶ್ನೆ ವಿಜ್ಞಾನದ್ದಲ್ಲ, ಪ್ರಥಮ ಆಜ್ಞೆಯದು.

ಮಿಕಾಯೇಲ ರೇಖೆಯೂ ಮರೆತುಹೋದ ಹುತಾತ್ಮರೂ

ಲೇ ರೇಖೆಗಳಲ್ಲಿ ಪ್ರಸಿದ್ಧವಾದುದು ‘ಸಂತ ಮಿಕಾಯೇಲರ ರೇಖೆ’. ಮಿಚೆಲ್ ಜನಪ್ರಿಯಗೊಳಿಸಿದ ಈ ಗೆರೆ ಕಾರ್ನ್‌ವಾಲಿನ ಸಂತ ಮಿಕಾಯೇಲರ ದ್ವೀಪಬೆಟ್ಟ, ಬ್ರೆಂಟಾರ್, ಬರೋಬ್ರಿಜ್ ದಿಬ್ಬ, ಗ್ಲಾಸ್ಟನ್‌ಬರಿ ಗುಡ್ಡ, ಏವ್‌ಬರಿ ಶಿಲಾವೃತ್ತ ಮತ್ತು ಬರಿ ಸೇಂಟ್ ಎಡ್ಮಂಡ್ಸ್ ಮಠಗಳ ಮೂಲಕ ನೂರಾರು ಕಿಲೋಮೀಟರ್ ಸಾಗುತ್ತದಂತೆ. ಇಷ್ಟೊಂದು ಬೆಟ್ಟಗಳ ಮೇಲೆ ಮಹಾದೂತ ಮಿಕಾಯೇಲರ ದೇವಾಲಯಗಳಿರುವುದು ಆಕಸ್ಮಿಕವೇ ಎಂಬುದು ಅವರ ಪ್ರಶ್ನೆ.

ಆಕಸ್ಮಿಕವಲ್ಲ, ನಿಜ, ಆದರೆ ಕಾರಣ ನೆಲದ ಶಕ್ತಿಯೂ ಅಲ್ಲ. ಇಟಲಿಯ ಗಾರ್ಗಾನೋ ಬೆಟ್ಟದ ಗುಹಾದೇವಾಲಯ ಮತ್ತು ನಾರ್ಮಂಡಿಯ ಮೋಂ ಸಾಂ ಮಿಶೆಲ್‌ಗಳ ಮಾದರಿಯಲ್ಲಿ, ಸ್ವರ್ಗೀಯ ಸೇನೆಯ ನಾಯಕನನ್ನು ಎತ್ತರದ ಸ್ಥಳಗಳಲ್ಲಿ ಗೌರವಿಸುವುದು ಪಶ್ಚಿಮದ ಧರ್ಮಸಭೆಯಾದ್ಯಂತ ರೂಢಿಯಾಗಿತ್ತು. ಬೆಟ್ಟವಿದ್ದಲ್ಲಿ ಮಿಕಾಯೇಲರನ್ನು ಹುಡುಕಿದರೆ ಸಿಗುತ್ತಾರೆ. ಗೆರೆಯಿಂದ ದೂರದ ಬೆಟ್ಟಗಳಲ್ಲೂ ಸಿಗುತ್ತಾರೆ. ಗೆರೆಯ ಮೇಲಿನ ಏವ್‌ಬರಿ ಮಿಕಾಯೇಲರದಲ್ಲ, ಅದು ಕ್ರೈಸ್ತಪೂರ್ವವಾದುದು. ಬರಿ ಸೇಂಟ್ ಎಡ್ಮಂಡ್ಸ್ ಹುತಾತ್ಮ ಅರಸ ಎಡ್ಮಂಡರದು. ಹೇಮಿಶ್ ಮಿಲ್ಲರ್ ಮತ್ತು ಪಾಲ್ ಬ್ರಾಡ್‌ಹರ್ಸ್ಟ್ 1989ರ ‘ದಿ ಸನ್ ಅಂಡ್ ದಿ ಸರ್ಪೆಂಟ್’ ಗ್ರಂಥದಲ್ಲಿ ಕಡ್ಡಿ ಹಿಡಿದು ಈ ಗೆರೆಯನ್ನು ಹಿಂಬಾಲಿಸಿದಾಗ, ಅವರಿಗೆ ‘ಸಿಕ್ಕಿದ್ದು’ ನೇರ ಗೆರೆಯಲ್ಲ, ಹಾವಿನಂತೆ ಹೊರಳುವ ಎರಡು ಪ್ರವಾಹಗಳು. ಒಂದಕ್ಕೆ ಮಿಕಾಯೇಲ, ಇನ್ನೊಂದಕ್ಕೆ ಮರಿಯ ಎಂದು ಹೆಸರಿಟ್ಟರು. ನೇರವಾಗಿರುವುದೇ ಪುರಾವೆ ಎಂದು ಶುರುವಾದ ವಾದಕ್ಕೆ ಡೊಂಕಾಗಿರುವುದೂ ಪುರಾವೆಯಾಯಿತು. ಯಾವ ಫಲಿತಾಂಶದಿಂದಲೂ ಸುಳ್ಳಾಗದ ವಾದ ಏನನ್ನೂ ಹೇಳುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಈ ಓದಿನಲ್ಲಿ ಕಳೆದುಹೋಗುವ ಸಂಗತಿ. ಗ್ಲಾಸ್ಟನ್‌ಬರಿ ಗುಡ್ಡದ ನೆತ್ತಿಯಲ್ಲಿ ಇಂದು ಮಿಕಾಯೇಲರ ದೇವಾಲಯದ ಗೋಪುರವೊಂದೇ ಉಳಿದಿದೆ. ಆ ಗುಡ್ಡಕ್ಕೆ ಶಕ್ತಿಯನ್ನು ಅರಸಿ ಬರುವವರು ಅನೇಕರು. ಆದರೆ 1539ರ ನವೆಂಬರ್ 15ರಂದು ಅದೇ ಗುಡ್ಡದ ಮೇಲೆ ಗ್ಲಾಸ್ಟನ್‌ಬರಿಯ ಕೊನೆಯ ಮಠಾಧ್ಯಕ್ಷ ರಿಚರ್ಡ್ ವೈಟಿಂಗ್ ಎಂಬ ವಯೋವೃದ್ಧರನ್ನು, ಅವರ ಇಬ್ಬರು ಸನ್ಯಾಸಿಗಳೊಂದಿಗೆ, ಎಂಟನೆಯ ಹೆನ್ರಿಯ ಆಡಳಿತ ಗಲ್ಲಿಗೇರಿಸಿ ಅವರ ದೇಹವನ್ನು ತುಂಡರಿಸಿತು. 1895ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಆ ನೆಲ ಕ್ರೈಸ್ತರಿಗೆ ಪವಿತ್ರವಾಗುವುದಾದರೆ ಆ ಮೂವರ ಸಾಕ್ಷ್ಯದಿಂದ. ಅವರಿಗೆ ಹೆಸರಿದೆ, ದಿನಾಂಕವಿದೆ, ರಕ್ತವಿದೆ. ಶಕ್ತಿರೇಖೆಗೆ ಹೆಸರೂ ಇಲ್ಲ, ನೋವೂ ಇಲ್ಲ. ಶಕ್ತಿಯ ಭಾಷೆ ಸ್ಥಳದಿಂದ ಇತಿಹಾಸವನ್ನು ಒರೆಸಿಹಾಕುತ್ತದೆ. ಇತಿಹಾಸದಲ್ಲಿ ರಕ್ಷಣೆಯನ್ನು ಸಾಧಿಸಿದ ದೇವರನ್ನು ಆರಾಧಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಅನಾಮಿಕ ನೆಲದ ಶಕ್ತಿ ಯಾರ ಕೈಗೂ ಸಿಗಬಲ್ಲ ಆಯುಧವೂ ಹೌದು. ಜರ್ಮನಿಯಲ್ಲಿ ವಿಲ್‌ಹೆಲ್ಮ್ ಟಾಯ್ಟ್ 1929ರಲ್ಲಿ ‘ಜರ್ಮಾನಿಕ ಪುಣ್ಯಸ್ಥಾನಗಳ’ ಬಗ್ಗೆ ಗ್ರಂಥ ಬರೆದು, ಪ್ರಾಚೀನ ಜರ್ಮನರ ಪವಿತ್ರ ಸ್ಥಳಗಳು ದಿಕ್ಕುಗೂಡಿದ ಗೆರೆಗಳಲ್ಲಿವೆ ಎಂದು ವಾದಿಸಿದರು. ಅವರು ಹಿಂದೆ ಪ್ರಾಟೆಸ್ಟೆಂಟ್ ಪಾಲಕರಾಗಿದ್ದವರು. ಮುಂದೆ ಅವರ ಕೆಲಸ ಹಿಮ್ಲರನ ‘ಆನೆನ್‌ಎರ್ಬೆ’ ಸಂಸ್ಥೆಯ ಆಶ್ರಯಕ್ಕೆ ಸೇರಿತು. ನೆಲವು ಒಂದು ಕುಲದ ರಕ್ತಕ್ಕೆ ಮಾತ್ರ ಮಾತನಾಡುತ್ತದೆ ಎಂದಾದಾಗ, ಅದೇ ನೆಲದ ಮೇಲಿರುವ ನೆರೆಯವನು ಮೈಲಿಗೆಯಾಗುತ್ತಾನೆ.

‘ನಮ್ಮಲ್ಲೂ ಪವಿತ್ರ ಸ್ಥಳಗಳಿಲ್ಲವೇ?’

ವಿವೇಕಿಯಾದ ಗುರು ಅಭ್ಯರ್ಥಿ ಇಲ್ಲಿ ಕೈಯೆತ್ತಿ ಕೇಳಬಹುದು: ನಾವು ದೇವಾಲಯಗಳನ್ನು ಪ್ರತಿಷ್ಠಾಪಿಸುತ್ತೇವೆ, ಬಲಿಪೀಠದಲ್ಲಿ ಸಂತರ ಅವಶೇಷಗಳನ್ನು ಇಡುತ್ತೇವೆ, ತೀರ್ಥ ಸಿಂಪಡಿಸುತ್ತೇವೆ, ತೀರ್ಥಯಾತ್ರೆ ಮಾಡುತ್ತೇವೆ. ಹೆಸರು ಬೇರೆಯಾದರೂ ಇದು ಅದೇ ಅಲ್ಲವೇ? ಮಹಾ ಗ್ರೆಗೋರಿಯವರೇ ಅನ್ಯದೇವತೆಗಳ ಗುಡಿಗಳನ್ನು ಕೆಡವಬೇಡಿ ಎನ್ನಲಿಲ್ಲವೇ?

ಗ್ರೆಗೋರಿಯವರ ಪತ್ರವನ್ನೇ ಮೊದಲು ನೋಡೋಣ, ಏಕೆಂದರೆ ಲೇ ರೇಖೆಗಳ ಗ್ರಂಥಗಳೆಲ್ಲ ಅದನ್ನೇ ಆಧರಿಸುತ್ತವೆ. 601ರಲ್ಲಿ ಮಠಾಧ್ಯಕ್ಷ ಮೆಲ್ಲಿಟಸ್‌ಗೆ ಬರೆದ ಈ ಪತ್ರವನ್ನು ಪೂಜ್ಯ ಬೀಡ್ ತಮ್ಮ ಇತಿಹಾಸ ಗ್ರಂಥದಲ್ಲಿ ಉಳಿಸಿಕೊಟ್ಟಿದ್ದಾರೆ. ಗುಡಿಗಳನ್ನು ಉಳಿಸಿ, ವಿಗ್ರಹಗಳನ್ನು ತೆಗೆದು, ತೀರ್ಥ ಸಿಂಪಡಿಸಿ, ಬಲಿಪೀಠವನ್ನು ಕಟ್ಟಿ, ಅವಶೇಷಗಳನ್ನು ಇಡಬೇಕೆಂಬುದು ಅದರ ಆಶಯ. ಕೊಡುವ ಕಾರಣವೇನು? ಜನರು ಪರಿಚಿತ ಸ್ಥಳಕ್ಕೆ ನಿಸ್ಸಂಕೋಚವಾಗಿ ಬರುವರು ಎಂಬುದು. ಆ ಸ್ಥಳದಲ್ಲಿ ಬಲವಿದೆ, ಅದನ್ನು ವಶಪಡಿಸಿಕೊಳ್ಳಿ ಎಂಬ ಸೂಚನೆ ಎಲ್ಲೂ ಇಲ್ಲ. ಗ್ರೆಗೋರಿಯವರ ಕಣ್ಣು ನೆಲದ ಮೇಲಿರಲಿಲ್ಲ, ಜನರ ಮೇಲಿತ್ತು. ಡಾರ್ಸೆಟ್‌ನ ನೋಲ್ಟನ್‌ನಲ್ಲಿ ನವಶಿಲಾಯುಗದ ವೃತ್ತದೊಳಗೆ ನಾರ್ಮನ್ ದೇವಾಲಯವಿರುವುದು, ಯಾರ್ಕ್‌ಷೈರಿನ ರಡ್‌ಸ್ಟನ್‌ನ ದೇವಾಲಯದ ಅಂಗಳದಲ್ಲಿ ಬ್ರಿಟನ್ನಿನ ಅತಿ ಎತ್ತರದ ನಿಲುಗಲ್ಲು ಇರುವುದು ನಿಜ. ಆದರೆ ಅಂಥ ನಿದರ್ಶನಗಳು ವಿರಳ. ಇಂಗ್ಲೆಂಡಿನ ಬಹುಪಾಲು ದೇವಾಲಯಗಳ ಕೆಳಗೆ ಹಳೆಯ ಗುಡಿ ಇದ್ದುದಕ್ಕೆ ಪುರಾವೆಯಿಲ್ಲ.

ಅಕ್ವಿನಾಸರು ಇದೇ ವಿವೇಕವನ್ನು ಸೂತ್ರಬದ್ಧವಾಗಿ ಹೇಳುತ್ತಾರೆ. ‘ಸುಮ್ಮಾ’ದ ಅದೇ ಖಂಡದ 84ನೆಯ ಪ್ರಶ್ನೆಯಲ್ಲಿ, ಆರಾಧನೆಗೆ ನಿರ್ದಿಷ್ಟ ಸ್ಥಳ ಬೇಕಾಗಿರುವುದು ದೇವರಿಗಾಗಿ ಅಲ್ಲ, ಆರಾಧಕರಿಗಾಗಿ ಎನ್ನುತ್ತಾರೆ: ಪ್ರತಿಷ್ಠೆಯು ಭಕ್ತಿಯನ್ನು ಪ್ರಚೋದಿಸುತ್ತದೆ, ಪವಿತ್ರ ರಹಸ್ಯಗಳು ಅಲ್ಲಿ ನೆರವೇರುತ್ತವೆ, ಅನೇಕರು ಒಟ್ಟುಗೂಡಿ ಪ್ರಾರ್ಥಿಸುತ್ತಾರೆ. ಮೂರು ಕಾರಣಗಳಲ್ಲಿ ಒಂದೂ ಮಣ್ಣಿನ ಗುಣವಲ್ಲ.

ಧರ್ಮಸಭೆಯ ಕಾನೂನು ಈ ಸಿದ್ಧಾಂತವನ್ನು ಆಚರಣೆಗೆ ಇಳಿಸಿದೆ. 1205ನೆಯ ನಿಯಮದ ಪ್ರಕಾರ ಸ್ಥಳವೊಂದು ಪವಿತ್ರವಾಗುವುದು ಪ್ರತಿಷ್ಠೆಯಿಂದ ಅಥವಾ ಆಶೀರ್ವಾದದಿಂದ. 1212ನೆಯ ನಿಯಮದ ಪ್ರಕಾರ, ಅದು ಬಹುಪಾಲು ನಾಶವಾದಾಗ ಅಥವಾ ಶಾಶ್ವತವಾಗಿ ಲೌಕಿಕ ಬಳಕೆಗೆ ತಿರುಗಿದಾಗ ಆ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. ಪಾವಿತ್ರ್ಯ ನೆಲದ ಗುಣವಾಗಿದ್ದಿದ್ದರೆ, ಕಟ್ಟಡ ಬಿದ್ದರೆ ಹೋಗುತ್ತಿರಲಿಲ್ಲ. ನಾವು ಗೌರವಿಸುವುದು ಆ ಸ್ಥಳಕ್ಕೂ ದೇವಜನರ ಆರಾಧನೆಗೂ ಏರ್ಪಟ್ಟ ಸಂಬಂಧವನ್ನು.

ಪವಿತ್ರ ಗ್ರಂಥದ ಸಾಕ್ಷ್ಯವೂ ಹೀಗೆಯೇ ಇದೆ. ಯಕೋಬ ಬೇತೇಲಿನಲ್ಲಿ ಮಲಗಿದ್ದು ಅಲ್ಲಿ ಶಕ್ತಿಯಿದೆ ಎಂದಲ್ಲ, ಹೊತ್ತು ಮುಳುಗಿತೆಂದು. ದೇವರು ಅಲ್ಲಿರುವರೆಂದು ಅವನಿಗೆ ಗೊತ್ತೇ ಇರಲಿಲ್ಲ. ಅದೇ ಬೇತೇಲ್ ಮುಂದೆ ಅನ್ಯಾಯಕ್ಕೆ ಮುಸುಕಾದಾಗ, ಅಲ್ಲಿಗೆ ಹೋಗದೆ ದೇವರನ್ನೇ ಅರಸಬೇಕೆಂದು ಆಮೋಸ ಪ್ರವಾದಿ ಸಾರಿದ. ಎಲೀಯನ ವೃತ್ತಾಂತ ಇನ್ನೂ ತೀಕ್ಷ್ಣ. ಅವನು ನಿಂತಿದ್ದು ಹೋರೇಬಿನಲ್ಲಿ, ದೇವರ ಬೆಟ್ಟದಲ್ಲೇ. ಅಲ್ಲಿ ಗಾಳಿ, ಭೂಕಂಪ, ಬೆಂಕಿಗಳು ಹಾದುಹೋದವು, ದೇವರು ಅವುಗಳಲ್ಲಿರಲಿಲ್ಲ. ಆಮೇಲೆ ಬಂದ ಸೂಕ್ಷ್ಮ ದನಿ ಅವನನ್ನು ಆ ಬೆಟ್ಟದಲ್ಲಿ ಇರಿಸಿಕೊಳ್ಳಲಿಲ್ಲ; ಇಲ್ಲೇನು ಮಾಡುತ್ತಿರುವೆ ಎಂದು ಕೇಳಿ, ಬಂದ ದಾರಿಯಲ್ಲೇ ಅವನನ್ನು ಹಿಂದಿರುಗಿಸಿತು.

ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸಮಾರಿಯದ ಸ್ತ್ರೀ ಪ್ರಭುವಿಗೆ ಒಡ್ಡಿದ್ದು ಸ್ಥಾನಬಲದ ಪ್ರಶ್ನೆಯನ್ನೇ: ಈ ಬೆಟ್ಟವೋ, ಜೆರುಸಲೇಮೋ? ಪ್ರಭು ಎರಡರಲ್ಲೊಂದನ್ನು ಆರಿಸದೆ, ಆತ್ಮದಲ್ಲಿಯೂ ಸತ್ಯದಲ್ಲಿಯೂ ನಡೆಯುವ ಆರಾಧನೆಯ ಕಡೆಗೆ ಅವಳನ್ನು ನಡೆಸಿದರು. ನವಯುಗ ಪಂಥಗಳ ಕುರಿತು ವ್ಯಾಟಿಕನ್ನಿನ ಎರಡು ಮಂಡಳಿಗಳು 2003ರಲ್ಲಿ ಪ್ರಕಟಿಸಿದ ಚಿಂತನಪತ್ರ ಇದೇ ಬಾವಿಯ ಕಟ್ಟೆಯನ್ನು ತನ್ನ ಚಿತ್ರವಾಗಿ ಆರಿಸಿಕೊಂಡದ್ದು ಔಚಿತ್ಯಪೂರ್ಣ. ದೇವರು ನಾವು ಸಂಬಂಧ ಬೆಳೆಸುವವರೋ ಅಥವಾ ನಾವು ಪಳಗಿಸಿ ಬಳಸಿಕೊಳ್ಳುವ ಶಕ್ತಿಯೋ ಎಂಬುದು ಆ ಪತ್ರ ನಮ್ಮ ಮುಂದಿಡುವ ಕೇಂದ್ರ ಪ್ರಶ್ನೆಗಳಲ್ಲೊಂದು.

ಸಂಸ್ಕಾರಗಳ ವಿಷಯದಲ್ಲೂ ಈ ಭೇದವನ್ನು ಕಾಯ್ದುಕೊಳ್ಳಬೇಕು. ಸಂಸ್ಕಾರವು ನೆರವೇರಿಸಿದ ಕ್ರಿಯೆಯಿಂದಲೇ ಫಲಿಸುತ್ತದೆ ಎಂಬ ನಮ್ಮ ಬೋಧನೆಯನ್ನು ವಿದ್ಯುತ್ ಸಂಪರ್ಕದಂತೆ ಅರ್ಥೈಸುವವರಿದ್ದಾರೆ. ನೀರು, ಎಣ್ಣೆ, ರೊಟ್ಟಿಗಳು ತಮ್ಮ ಸ್ವಂತ ಬಲದಿಂದ ಏನನ್ನೂ ಮಾಡುವುದಿಲ್ಲ. ಬಡಗಿಯ ಕೈಯಲ್ಲಿನ ಉಳಿಯಂತೆ ಅವು ಕ್ರಿಸ್ತನ ಕೈಯಲ್ಲಿನ ಸಾಧನಗಳು. ಆ ಬೋಧನೆಯ ಉದ್ದೇಶ ವಸ್ತುವಿಗೆ ಮಾಂತ್ರಿಕ ಬಲ ಕೊಡುವುದಲ್ಲ. ಯಾಜಕನ ಯೋಗ್ಯತೆ ಏನೇ ಇರಲಿ, ಕ್ರಿಸ್ತ ತಮ್ಮ ಮಾತಿಗೆ ತಪ್ಪುವುದಿಲ್ಲವೆಂಬ ಭರವಸೆಯನ್ನು ಜನರಿಗೆ ಕೊಡುವುದು. ಶಕ್ತಿ ಯಾರಿಗೂ ಮಾತು ಕೊಡುವುದಿಲ್ಲ. ಅದನ್ನು ಬಳಸಬಹುದು, ಅದಕ್ಕೆ ಕೃತಜ್ಞತೆ ಹೇಳಲಾಗದು, ಅದರ ಮುಂದೆ ಪಶ್ಚಾತ್ತಾಪ ಪಡಲಾಗದು.

ಗುರುಗಳ ಹೊಣೆ

ಹಾಗೆಂದು ಲೇ ರೇಖೆಗಳನ್ನು ಹುಡುಕುವವರನ್ನು ಗೇಲಿ ಮಾಡಿ ಮುಗಿಸುವುದು ವಿಮರ್ಶೆಯ ಧರ್ಮವಲ್ಲ. ವಾಟ್ಕಿನ್ಸ್ ತಮ್ಮ ನಾಡಿನ ಪ್ರತಿ ಕಲ್ಲನ್ನೂ ಪ್ರೀತಿಸಿದರು. ಮಿಚೆಲ್ ಅವರ ಓದುಗರು ಭೂಮಿಯನ್ನು ಬರೀ ಕಚ್ಚಾವಸ್ತುವೆಂದು ನೋಡಿದ ಕೈಗಾರಿಕಾ ನಾಗರಿಕತೆಯಿಂದ ಬೇಸತ್ತವರು. ಸೃಷ್ಟಿ ಮೂಕವಲ್ಲ ಎಂಬ ಅವರ ಅನಿಸಿಕೆ ಸರಿ. 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಮಣ್ಣು, ನೀರು, ಬೆಟ್ಟಗಳನ್ನು ದೇವರ ಪ್ರೀತಿಯ ಸ್ಪರ್ಶವಾಗಿ ಕಾಣುತ್ತಾರೆ. ಸ್ಪರ್ಶಕ್ಕೂ ಶಕ್ತಿಗೂ ಇರುವ ಅಂತರವೇ ಇಲ್ಲಿನ ಮರ್ಮ: ಸ್ಪರ್ಶದ ಹಿಂದೆ ಒಬ್ಬರಿದ್ದಾರೆ. ಸೃಷ್ಟಿಯ ಬೋಧನೆಯನ್ನು ನಾವು ಉಪದೇಶಪೀಠದಿಂದ ಕೈಬಿಟ್ಟಲ್ಲಿ, ಆ ಖಾಲಿ ಜಾಗವನ್ನು ಶಕ್ತಿಯ ಭಾಷೆ ತುಂಬುತ್ತದೆ.

ಆದ್ದರಿಂದ ಪುಣ್ಯಕ್ಷೇತ್ರದಲ್ಲಿ ಬೋಧಿಸುವ ಗುರು ನೆಲದ ಶಕ್ತಿಯ ಬಗ್ಗೆ ಮಾತನಾಡುವ ಬದಲು, ಆ ಸ್ಥಳದ ಕಥೆಯನ್ನು ಹೇಳಲಿ: ಯಾರು ಅಲ್ಲಿ ಮೊದಲು ಪ್ರಾರ್ಥಿಸಿದರು, ಯಾವ ಬರಗಾಲದಲ್ಲಿ ಅಥವಾ ಪಿಡುಗಿನಲ್ಲಿ ಹರಕೆ ಹೊತ್ತರು, ಯಾರ ದುಡಿಮೆಯಿಂದ ಗೋಡೆ ಎದ್ದಿತು. ಗುಣವಾಗಲೆಂದು ಬಂದವರಿಗೆ ‘ಇಲ್ಲಿ ಎನರ್ಜಿ ಇದೆ’ ಎನ್ನುವ ಬದಲು, ಅವರ ಹೆಸರನ್ನು ಕೇಳಿ ಅವರೊಂದಿಗೆ ಪ್ರಾರ್ಥಿಸಲಿ. ಯಾಕೆಂದರೆ ಶಕ್ತಿಯ ಭಾಷೆಗೆ ಒಂದು ನಿಷ್ಠುರ ತರ್ಕವಿದೆ. ಶಕ್ತಿಯ ಕ್ಷೇತ್ರಕ್ಕೆ ಹೋಗಿಯೂ ಗುಣವಾಗದ ರೋಗಿ ದೋಷ ತನ್ನಲ್ಲೇ ಇದೆ ಎಂದು ತಿಳಿದು ಮನೆಗೆ ಮರಳುತ್ತಾನೆ. ಶಿಲುಬೆಗೇರಿದ ಪ್ರಭುವನ್ನು ಸಾರುವ ನಾವು ಯಾವ ರೋಗಿಯನ್ನೂ ಹಾಗೆ ಕಳುಹಿಸಕೂಡದು.

ಕ್ರಿಸ್ತ ಜನಿಸಿದ್ದು ದನಗಳ ಗೋದಲಿಯಲ್ಲಿ, ಬೆಳೆದದ್ದು ಒಳ್ಳೆಯದೇನೂ ಬಾರದೆಂದು ನತಾನಿಯೇಲ ತಾತ್ಸಾರ ಮಾಡಿದ ಊರಿನಲ್ಲಿ, ಮಡಿದದ್ದು ನಗರದ ಹೊರಗಿನ ಕೊಲೆಗಳದಲ್ಲಿ. ಇವುಗಳಲ್ಲಿ ಒಂದಕ್ಕೂ ಸ್ಥಾನಬಲವಿರಲಿಲ್ಲ. ಇಂದು ನಮ್ಮ ಉಪಕೇಂದ್ರಗಳಲ್ಲಿ ತಗಡಿನ ಚಾವಣಿಯ ಕೊಠಡಿಯಲ್ಲಿ, ಶಾಲೆಯ ಜಗಲಿಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯ ಮಂಚದ ಪಕ್ಕದಲ್ಲಿ ಪರಮಪ್ರಸಾದ ಅದೇ ಪೂರ್ಣತೆಯಿಂದ ಲಭಿಸುತ್ತದೆ. ಬಡವರ ಸಭೆಗೆ ಇದಕ್ಕಿಂತ ದೊಡ್ಡ ಶುಭಸಂದೇಶವಿಲ್ಲ. ಅದನ್ನು ಸಾರುವ ಬಾಯಲ್ಲಿ ನೆಲದ ಶಕ್ತಿಯ ಮಾತು ಬರದಿರಲಿ.